ಏಳು ಕಾಯಿ ಜಿಪ್ಸಂ

ಯಾವ ಕೆಲಸವೇ ಆಗಲಿ, ಕೈಗೆತ್ತಿಕೊಂಡ ಮೇಲೆ ಗೆದ್ದೇ ತೀರುವುದು ನನ್ನ ಹುಟ್ಟುಗುಣ. ಇದನ್ನು ನಾನೇ ಹೇಳಿಕೊಳ್ಳುತ್ತಿರುವುದಕ್ಕೆ ಕಾರಣ, ಬೇರೆ ಯಾರೂ ಇದುವರೆಗೆ ಹೇಳದಿರುವುದು. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ, ತೆಂಗಿನ ತೋಟಗಳ ನಡುವೆ ಒಂದು ಚಿಕ್ಕ ಸಿಮೆಂಟ್ ಮಿಲ್ಲಿದೆ. ನಾನು ಅಲ್ಲಿ ಮೀಟರು, ಸೆನ್ಸರ್ ನೋಡಿಕೊಳ್ಳುವ ಇನ್‌ಸ್ಟ್ರುಮೆಂಟ್ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಇರುವುದು ನಾನೊಬ್ಬನೇ. ಆದರೇನು, ಮುಖ್ಯಸ್ಥ ಮುಖ್ಯಸ್ಥನೇ!

ಸಿಮೆಂಟ್ ಮಾಡುವುದು ನೀವು ಅಂದುಕೊಂಡಷ್ಟು ದೊಡ್ಡ ವಿದ್ಯೆಯಲ್ಲ. ಬೇರೆ ಊರಿನಿಂದ ಲಾರಿಯಲ್ಲಿ ಕ್ಲಿಂಕರ್ ಎಂಬ ಸುಟ್ಟ ಕಲ್ಲಿನ ಉಂಡೆಗಳು ಬರುತ್ತವೆ. ಅದಕ್ಕೆ ನೂರಕ್ಕೆ ಐದರಷ್ಟು ಜಿಪ್ಸಂ ಬೆರೆಸಿ ನುಣ್ಣಗೆ ಬೀಸಿದರೆ ಸಿಮೆಂಟು. ಕ್ಲಿಂಕರಿನ ಸ್ವಭಾವ ಮದುವೆಮನೆಯ ಗಂಡಿನ ಕಡೆಯವರದ್ದು. ಮೇಲೆ ಎರಡು ಹನಿ ನೀರು ಬಿದ್ದರೆ ಸಾಕು, ಬಿಗಿದುಕೊಂಡುಬಿಡುತ್ತದೆ. ಪಕ್ಕದಲ್ಲಿ ನಿಂತು "ತಾಳಿ ಸ್ವಾಮಿ, ಅವಸರ ಬೇಡ, ಮೇಸ್ತ್ರಿ ಗಾರೆ ಹಚ್ಚಿ ಮುಗಿಸಲಿ" ಎಂದು ಸಮಾಧಾನ ಹೇಳುವ ಹಿರಿಯನೇ ಜಿಪ್ಸಂ. ಅದು ಕಡಿಮೆಯಾದರೆ ಸಿಮೆಂಟಿಗೆ ತಾಳ್ಮೆಯಿರುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ನನ್ನ ಮಾನ ಹೋಗುವುದು ಇಲ್ಲೇ.

ನಮ್ಮ ಮಿಲ್ಲಿನಲ್ಲಿ ಈ ಜಿಪ್ಸಂ ಹಾಕುತ್ತಿದ್ದವರು ಕೆಂಚಣ್ಣ. ಅರಳಗುಪ್ಪೆ ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಕಬ್ಬಿಣದ ಏಣಿ ಹತ್ತಿ, ಜಿಪ್ಸಂ ಸಾಗುವ ಬೆಲ್ಟಿನ ಮೇಲಿನ ಬಾಗಿಲನ್ನು ಒಂದು ಚಕ್ರ ತಿರುಗಿಸಿ ಹಿರಿದು ಕಿರಿದು ಮಾಡುತ್ತಿದ್ದರು. ಮಿಲ್ಲಿನ ಸದ್ದು ಕೇಳುತ್ತಿದ್ದರು, ಒಂದು ಚಿಟಿಕೆ ಪುಡಿಯನ್ನು ಬೆರಳಲ್ಲಿ ಉಜ್ಜುತ್ತಿದ್ದರು, "ಇನ್ನೊಂದ್ ಸುತ್ತು ಬೇಕು" ಎನ್ನುತ್ತಿದ್ದರು. ತೂಕವೂ ಇಲ್ಲ, ಅಳತೆಯೂ ಇಲ್ಲ! ಡಿಪ್ಲೊಮಾ ಓದಿದ ನನ್ನಂಥವನು ಇದನ್ನು ಎಷ್ಟು ದಿನ ನೋಡಿಕೊಂಡಿರಬೇಕು?

ಹಾಗಾಗಿ ನಮ್ಮ ಯಜಮಾನರು ಒಂದು ದಿನ ನನ್ನನ್ನು ಕರೆದು, "ನಾಗರಾಜು, ಈ ಜಿಪ್ಸಂ ಕೆಲಸಾನ ಆಟೋಮ್ಯಾಟಿಕ್ ಮಾಡ್ಸೋಣ. ಬೆಂಗಳೂರಿನವರನ್ನ ಕರೆಸ್ಲಾ?" ಎಂದು ಕೇಳಿದಾಗ ನನಗೆ ಅವಮಾನವೇ ಆಯಿತು.

"ಯಾಕೆ ಸಾರ್? ನಾನಿದ್ದೀನಲ್ಲ!"

"ಅದಕ್ಕೇ ಕೇಳಿದ್ದು," ಎಂದರು ಯಜಮಾನರು.

ಆ ಮಾತಿನ ಅರ್ಥವನ್ನು ನಾನು ಆಗ ಹುಡುಕಲು ಹೋಗಲಿಲ್ಲ. ಕೆಂಚಣ್ಣನಿಗೆ ಬೇಜಾರಾಗಬಹುದೇನೋ ಎಂದು ಮೆಲ್ಲಗೆ ವಿಷಯ ತಿಳಿಸಿದೆ. ಅವರು ಎರಡೂ ಕೈ ಎತ್ತಿ ಮುಗಿದರು. "ಮಾಡಪ್ಪ ಮಾರಾಯ, ಬೇಗ ಮಾಡು. ಆ ಏಣಿ ಹತ್ತಿ ಹತ್ತಿ ನನ್ನ ಮಂಡಿ ಎರಡೂ ಹೋಗ್ಯವೆ. ನಿನ್ನ ಕಂಪ್ಯೂಟ್ರು ಹತ್ತಲಿ ಇನ್ಮ್ಯಾಲೆ!"

ಇನ್ನು ಮನೆಯ ಕಡೆಯ ಸಮಾಚಾರ. ನನ್ನ ಹೆಂಡತಿ ಲಲಿತ ಮೂರು ವರ್ಷದಿಂದ ಒಂದೇ ಮಾತು ಕೇಳುತ್ತಿದ್ದಳು: ಕಾಯಿಗೆ ಒಂದು ಅಟ್ಟ. ಕೊಬ್ಬರಿಗೆ ಬಿಡುವ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಬೆಚ್ಚಗೆ, ಒಣಗಿದ ಜಾಗದಲ್ಲಿ ಅಟ್ಟದ ಮೇಲೆ ಹಾಕಿಡಬೇಕು. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನುವವರೆಗೆ. ನಮ್ಮ ಹಳೆಯ ಮರದ ಅಟ್ಟ ಗೆದ್ದಲು ಹಿಡಿದು ಮಲಗಿಬಿಟ್ಟಿತ್ತು. ಅಂದಿನಿಂದ ಕಾಯಿಯೆಲ್ಲ ಮನೆಯೊಳಗೆ. ನಡುಮನೆಯಲ್ಲಿ ಕಾಯಿ, ಮಂಚದ ಕೆಳಗೆ ಕಾಯಿ. ಬಂದ ನೆಂಟರು ಕಾಯಿ ಮೇಲೆ ಕೂತು ಕಾಫಿ ಕುಡಿದು ಹೋಗುತ್ತಿದ್ದರು. ಈ ಸಲದ ಕಾಯಿಗೆ ಒಳಗೆ ಜಾಗವೇ ಸಾಲದೆ ಅಂಗಳದಲ್ಲಿ ರಾಶಿ ಹಾಕಿ ಟಾರ್ಪಾಲು ಹೊದಿಸಿದ್ದೆವು. ಮಳೆ ಹಿಡಿದು ತೇವ ತಾಗಿದರೆ ಮೊಳಕೆ ಒಡೆಯುತ್ತದೆ, ಕೊಳೆಯುತ್ತದೆ, ಒಂದು ವರ್ಷದ ಬೆಳೆ ಮಣ್ಣುಪಾಲು.

ಹೊಸ ಅಟ್ಟಕ್ಕೆ ಗೋಡೆ ಎದ್ದಿತ್ತು. ಅದರ ಮೇಲೆ ಕಾಂಕ್ರೀಟಿನ ಮೋಲ್ಡ್ ಹಾಕುವುದೊಂದು ಬಾಕಿ.

"ರೀ, ಮುಂಗಾರು ಬರೋದ್ರೊಳಗೆ ಮೋಲ್ಡ್ ಹಾಕ್ಸಿ ಅಂತ ಕಾಲಿಗೆ ಬೀಳೋದೊಂದು ಬಾಕಿ ಕಣ್ರೀ," ಎಂದಳು ಲಲಿತ. "ಅಂಗಡೀಲಿ ಸಿಮೆಂಟ್ ಸಿಗಲ್ವಾ?"

"ಅಂಗಡಿ ಸಿಮೆಂಟಾ!" ನಾನು ನಕ್ಕೆ. "ನಮ್ಮ ಅಟ್ಟಕ್ಕೆ ಬೀಳೋದು ನನ್ನ ಸಿಸ್ಟಮ್ಮಿಂದ ಬರೋ ಮೊದಲನೇ ಸಿಮೆಂಟು ಕಣೇ. ಗ್ರಾಮ್ ಲೆಕ್ಕದಲ್ಲಿ ಜಿಪ್ಸಂ ಬಿದ್ದಿರುತ್ತೆ. ನಮ್ಮ ಮೊಮ್ಮಕ್ಕಳು ಸುತ್ತಿಗೇಲಿ ಹೊಡೆದರೂ ಒಡೆಯಲ್ಲ."

ಯಜಮಾನರಿಗೂ ಈ ಆಲೋಚನೆ ಬಹಳ ಹಿಡಿಸಿತು. "ಒಳ್ಳೇದೇ ಆಯ್ತು. ಮೊದಲನೇ ಲೋಡು ನಿನ್ನ ಮನೆಗೇ ತಗೊಂಡು ಹೋಗು. ಕೆಟ್ಟರೆ ನಿನ್ನ ಮನೇಲೇ ಕೆಡಲಿ," ಎಂದು ತುಂಬುಹೃದಯದಿಂದ ಹರಸಿದರು.

ಎರಡು ತಿಂಗಳು ಹಗಲೆಲ್ಲ ದುಡಿದೆ. ಪ್ಯಾನಲ್ ಕೂರಿಸಿದೆ, ವೈರ್ ಎಳೆದೆ, ಪ್ರೋಗ್ರಾಮ್ ಬರೆದೆ. ವ್ಯವಸ್ಥೆ ಇಷ್ಟೇ: ಜಿಪ್ಸಂ ಸಾಗುವ ಬೆಲ್ಟಿನಲ್ಲಿ ಒಂದು ಮಾರಿನಷ್ಟು ಭಾಗ ಒಂದು ಕಬ್ಬಿಣದ ಚೌಕಟ್ಟಿನ ಮೇಲೆ ಕೂತಿರುತ್ತದೆ. ಚೌಕಟ್ಟಿನ ಕೆಳಗೆ ತೂಕ ಹೇಳುವ ಸೆನ್ಸರ್. ಅಲ್ಲಿ ಯಾವಾಗಲೂ ಆರು ಕೆಜಿ ಜಿಪ್ಸಂ ಇರಬೇಕು. ಕಡಿಮೆಯಾದರೆ ಕಂಪ್ಯೂಟರ್ ಬಾಗಿಲನ್ನು ಹಿರಿದು ಮಾಡುತ್ತದೆ, ಹೆಚ್ಚಾದರೆ ಕಿರಿದು ಮಾಡುತ್ತದೆ. ಶುರು ಮಾಡುವ ಹಿಂದಿನ ದಿನ ಖಾಲಿ ಬೆಲ್ಟಿನ ಮೇಲೆ ಶಾಸ್ತ್ರೋಕ್ತವಾಗಿ ಸೊನ್ನೆ ಕೂರಿಸಿದೆ. ಸ್ಕ್ರೀನಿನ ಮೇಲೆ ದುಂಡನೆಯ ಸೊನ್ನೆ ಬಂತು. ನೋಡಿ ಕಣ್ಣು ತುಂಬಿ ಬಂತು.

ಆಗ ಕೆಂಚಣ್ಣ ಒಂದು ಕಾಯಿ, ಊದುಬತ್ತಿ ಹಿಡಿದುಕೊಂಡು ಬಂದರು. "ನಾಗ್ರಾಜಪ್ಪ, ಪ್ಯಾನಲ್ ಮುಂದೆ ಒಂದು ಕಾಯಿ ಒಡೆದುಬುಡಾನ. ಹೊಸ ಮಿಷನ್ನು."

"ಕೆಂಚಣ್ಣ!" ಎಂದೆ, ಸಭೆಯನ್ನು ಉದ್ದೇಶಿಸಿ ಮಾತಾಡುವ ಧಾಟಿಯಲ್ಲಿ. "ಇದು ಎಲೆಕ್ಟ್ರಾನಿಕ್ಸ್. ಕಾಯಿನೀರು ಒಂದು ತೊಟ್ಟು ಒಳಗೆ ಹೋದರೆ ಎರಡು ತಿಂಗಳ ಕೆಲಸ ಸುಟ್ಟು ಹೋಗುತ್ತೆ. ಇಲ್ಲಿ ನಡೆಯೋದು ವಿಜ್ಞಾನ ಮಾತ್ರ. ಕಾಯಿ ಗೀಯಿ ಈ ರೂಮಿನ ಹತ್ತಿರವೂ ಬರಕೂಡದು!"

ಅಲ್ಲೇ ನಿಂತಿದ್ದ ನಮ್ಮ ಲ್ಯಾಬಿನ ಕೆಮಿಸ್ಟ್ ಶೋಭಾ ಚಪ್ಪಾಳೆ ತಟ್ಟಿದರು. ಕೆಂಚಣ್ಣ ಮುಖ ಸಣ್ಣದು ಮಾಡಿಕೊಂಡು ಹೋದರು.

ಮಾರನೆಯ ಬೆಳಿಗ್ಗೆ, ಯಜಮಾನರು ಬಂದು ಸ್ವಿಚ್ ಒತ್ತಲು ಇನ್ನು ಒಂದು ಗಂಟೆ ಇದೆ ಎನ್ನುವಾಗ, ನಾನು ಪ್ಯಾನಲ್ ಬಾಗಿಲನ್ನು ನಾಲ್ಕನೆಯ ಸಲ ತೆರೆದು ನೋಡಿದೆ. ಎಲ್ಲ ಸರಿ, ಆದರೆ ಕೈಕೊಟ್ಟರೆ? ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಅಂಗಳದಲ್ಲಿ ಕಾಯಿ ರಾಶಿ ಕೂತಿದೆ. ಲಲಿತ ಮೋಲ್ಡಿನ ದಿನ ಗೊತ್ತುಮಾಡಿ ಗಂಗಣ್ಣ ಮೇಸ್ತ್ರಿಗೆ ಹೇಳಿಯೂ ಆಗಿದೆ. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಮಾಡುವುದು ಒಂದೇ. ಅರಿಶಿನದ ಬಟ್ಟೆಯಲ್ಲಿ ಕಾಯಿ ಕಟ್ಟಿ ಮನೆದೇವರಿಗೆ ಮುಡಿಪು ಇಡುವುದು. ಕೆಲಸ ಕೈಗೂಡುವವರೆಗೆ ಆ ಗಂಟು ನೇತಾಡುತ್ತಿರಬೇಕು. ಕೈಗೂಡಿದ ಮೇಲೆ ದೇವಸ್ಥಾನಕ್ಕೆ ಒಪ್ಪಿಸಬೇಕು.

ನಾನು ಗುಟ್ಟಾಗಿ ಒಂದು ಕಾಯಿ ಸುಲಿದು ಚೀಲದಲ್ಲಿಟ್ಟುಕೊಂಡು ಬಂದಿದ್ದೆ. ಬರೀ ಮುನ್ನೆಚ್ಚರಿಕೆ, ಅಷ್ಟೇ!

ಅರಿಶಿನದ ಬಟ್ಟೆ ಮರೆತಿದ್ದೆ. ನಮ್ಮ ವಿಭಾಗಕ್ಕೆ ಉಪಕರಣ ಒರೆಸಲು ಹಳದಿ ಬಟ್ಟೆ ಕೊಡುತ್ತಾರೆ. ದೇವರಿಗೆ ಬಣ್ಣ ಮುಖ್ಯ ಎಂದುಕೊಂಡು ಅದರಲ್ಲೇ ಕಟ್ಟಿದೆ. ಇನ್ನು ಯಾರ ಕಣ್ಣಿಗೂ ಬೀಳದ ಜಾಗ ಬೇಕಲ್ಲ? ಬೆಲ್ಟಿನ ಪಕ್ಕದ ತಗಡಿನ ಮರೆ ತೆರೆದೆ. ಅದರ ಬೀಗದ ಕೈ ನನ್ನ ಹತ್ತಿರ ಮಾತ್ರ ಇತ್ತು. ಒಳಗೆ ಕೈಗೆ ಸರಿಯಾಗಿ ಸಿಗುವಂತೆ ಒಂದು ಕಬ್ಬಿಣದ ಸರಳು. ದೇವರೇ ತೋರಿಸಿದ ಜಾಗ! ಕಣ್ಣುಮುಚ್ಚಿ, ಕೈಮುಗಿದು, ಗಂಟನ್ನು ಅದಕ್ಕೆ ಬಿಗಿದೆ. ಆ ಸರಳು ತೂಕದ ಚೌಕಟ್ಟಿನದ್ದೇ ಭಾಗ. ಅದನ್ನು ಅಲ್ಲಿ ಬೋಲ್ಟ್ ಹಾಕಿ ಕೂರಿಸಿದವನು ನಾನೇ. ಆದರೆ ಭಕ್ತಿಯಲ್ಲಿ ಕಣ್ಣಿನ ಜೊತೆ ಬುದ್ಧಿಯೂ ಮುಚ್ಚಿಕೊಂಡಿತ್ತು.

ಯಜಮಾನರು ಸ್ವಿಚ್ ಒತ್ತಿದರು. ಬೆಲ್ಟ್ ಓಡಿತು. ಬಾಗಿಲು ತಾನಾಗಿಯೇ ತೆರೆಯಿತು, ತಾನಾಗಿಯೇ ಮುಚ್ಚಿತು. ಎಲ್ಲರೂ "ಆಹಾ!" ಎಂದರು. ಒಂದೇ ಒಂದು ಕೊರತೆ. ಸ್ಕ್ರೀನಿನ ಮೇಲೆ ತೂಕದ ಅಂಕಿ ಕುಣಿಯುತ್ತಿತ್ತು. ಐದೂವರೆ, ಆರೂವರೆ, ಮತ್ತೆ ಐದೂವರೆ. ಮಿಲ್ಲಿನ ನಡುಕಕ್ಕೆ ಚೌಕಟ್ಟು ಅದುರುತ್ತಿತ್ತು.

"ಅದ್ಯಾಕೆ ಹಂಗೆ ಕುಣೀತದೆ?" ಎಂದರು ಯಜಮಾನರು.

"ಹೊಸದಲ್ವಾ ಸಾರ್, ಸ್ವಲ್ಪ ನಾಚಿಕೆ," ಎಂದೆ.

ಮನಸ್ಸಿನಲ್ಲಿ ಮಾತ್ರ, ದೇವರಿಗೆ ಒಂದು ಕಾಯಿ ಸಾಲಲಿಲ್ಲವೇನೋ ಎಂಬ ಅನುಮಾನ ಬಂತು. ಊಟದ ಹೊತ್ತಿಗೆ ಮನೆಗೆ ಓಡಿಹೋಗಿ ಇನ್ನೆರಡು ಕಾಯಿ ಸುಲಿದು ತಂದು ಕಟ್ಟಿದೆ. ಏನಾಶ್ಚರ್ಯ! ಕುಣಿತ ಅರ್ಧ ಕಡಿಮೆಯಾಯಿತು. ನನಗೆ ಮೈ ಜುಮ್ಮೆಂದಿತು. ಮಾರನೆಯ ಬೆಳಿಗ್ಗೆ ಇನ್ನೂ ನಾಲ್ಕು ಕಾಯಿ. ಒಟ್ಟು ಏಳು. ಅಂಕಿ ಬಂಡೆಯ ಹಾಗೆ ನಿಂತುಬಿಟ್ಟಿತು. ಆರು ಅಂದರೆ ಆರು! ಭಾರ ನೇತುಹಾಕಿದರೆ ಚೌಕಟ್ಟು ಅದುರುವುದು ಕಡಿಮೆಯಾಗುತ್ತದೆ ಎಂಬ ಸಣ್ಣ ವಿಷಯ ಡಿಪ್ಲೊಮಾದಲ್ಲಿ ಓದಿದ್ದೆ. ಆ ಹೊತ್ತಿಗೆ ನೆನಪಿಗೆ ಬರಬೇಕಲ್ಲ?

ಆಮೇಲಿನ ಎರಡು ದಿನ ನನ್ನ ನಡಿಗೆಯೇ ಬದಲಾಯಿತು. ಲುಂಗಿಯಲ್ಲಿ ಅಂಗಡಿಗೆ ಹೋಗುತ್ತಿದ್ದವನು ಪ್ಯಾಂಟ್ ಹಾಕಿಕೊಂಡು ಹೋದೆ. ಹುಳಿಯಾರಿನಲ್ಲಿರುವ ನನ್ನ ಷಡ್ಡಕನಿಗೆ ಫೋನ್ ಮಾಡಿ, ಅವರು ಕೇಳದಿದ್ದರೂ ಪ್ಯಾನಲ್ ಒಳಗಿನ ಪಿಎಲ್‌ಸಿ ಎಂಬ ಕಂಪ್ಯೂಟರ್ ಎಂದರೇನು ಎಂದು ವಿವರಿಸಿದೆ. ಅವರು "ಆಯ್ತು ಬುಡಿ" ಎಂದು ಮೂರು ಸಲ ಹೇಳಿದರು, ನಾನು ಬಿಡಲಿಲ್ಲ.

ಮೂರನೆಯ ದಿನ ಕೆಂಚಣ್ಣ ತಲೆ ಕೆರೆದುಕೊಳ್ಳುತ್ತ ಬಂದರು. "ನಾಗ್ರಾಜಪ್ಪ, ಜಿಪ್ಸಂ ಗುಡ್ಡೆ ಕರಗ್ತಾನೇ ಇಲ್ವಲ್ಲ. ಮೊದ್ಲು ಈ ಹೊತ್ತಿಗೆ ಮೂರು ಪಾಲಿನಾಗೆ ಎಲ್ಡು ಪಾಲು ಖಾಲಿಯಾಗ್ತಿತ್ತು."

"ಇದೇ ಕೆಂಚಣ್ಣ ಆಟೋಮೇಷನ್ ಅಂದ್ರೆ! ಇಷ್ಟು ದಿನ ನೀವು ಸುಮ್ಮನೆ ಸುರೀತಾ ಇದ್ರಿ. ಕಂಪ್ಯೂಟರ್ ಉಳಿಸ್ತಾ ಇದೆ."

"ಮಿಲ್ಲಿನ ಸದ್ದೂ ಬ್ಯಾರೆ ತರ ಅದೆ ಕಣಪ್ಪ."

"ನಿಮ್ಮ ಕಿವಿಗೆ ವಯಸ್ಸಾಯ್ತು."

ಹೀಗೆಂದೆನಲ್ಲ, ಈಗ ನೆನೆಸಿಕೊಂಡರೆ ನನ್ನ ಕಿವಿಯನ್ನೇ ಹಿಂಡಬೇಕು ಅನಿಸುತ್ತದೆ. ಶೋಭಾ ಕೂಡ ಹೇಳಿದರು: "ಸಾರ್, ಸ್ಯಾಂಪಲ್ ಈಗ ತಾನೇ ತಗೊಂಡಿದ್ದೀನಿ. ಸಿಮೆಂಟ್ ಎಷ್ಟು ಹೊತ್ತಿಗೆ ಗಟ್ಟಿ ಆಗುತ್ತೆ ಅಂತ ಸೂಜಿ ಇಟ್ಟು ನೋಡ್ಬೇಕು. ನಾಳೆ ಮಧ್ಯಾಹ್ನದವರೆಗೆ ತಡೀರಿ." ನಾಳೆ ಮಧ್ಯಾಹ್ನವಾ? ನಾಳೆ ಬೆಳಿಗ್ಗೆಯೇ ನನ್ನ ಮೋಲ್ಡು! ಪಡುವಣದಲ್ಲಿ ಮೋಡ ಬೇರೆ ಕಟ್ಟುತ್ತಿತ್ತು. ನಾನು ಸ್ಕ್ರೀನಿನ ಕಡೆ ಕೈ ತೋರಿಸಿ, "ಆರು ಅಂದ್ರೆ ಆರು ನಿಂತಿದೆ ನೋಡಮ್ಮ, ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?" ಎಂದು ಹೇಳಿ ಮೂಟೆಗಳನ್ನು ಟ್ರ್ಯಾಕ್ಟರಿಗೆ ಹೇರಿಸಿದೆ.

ಮೋಲ್ಡಿನ ದಿನ ನಮ್ಮ ಮನೆ ಮದುವೆಮನೆಯಾಗಿತ್ತು. ಇಪ್ಪತ್ತು ಆಳು, ಬಾಡಿಗೆಯ ಮಿಕ್ಸರ್ ಮೆಷಿನ್ನು, ಒಲೆಯ ಮೇಲೆ ಮುದ್ದೆ ಹುರುಳಿಕಾಳು ಸಾರು, ಜೊತೆಗೆ ಶಾವಿಗೆ ಪಾಯಸ. ನಾನು ಇಸ್ತ್ರಿ ಅಂಗಿ ಹಾಕಿ, ಫೋನನ್ನು ಸೈಲೆಂಟಿಗೆ ಹಾಕಿಕೊಂಡು ನಿಂತೆ. ಗೆದ್ದವನಿಗೆ ಅಭಿನಂದನೆಯ ಕರೆಗಳು ಬರುತ್ತಿರುತ್ತವೆ, ಕೆಲಸಕ್ಕೆ ಅಡ್ಡಿಯಾಗಬಾರದಲ್ಲ!

ಗಂಗಣ್ಣ ಮೇಸ್ತ್ರಿ ಮೊದಲು ಒಂದು ಬಾಂಡ್ಲಿಯಲ್ಲಿ ಗಾರೆ ಕಲಸಿದ. ಕಲಸಿ, ಕರಣೆಯನ್ನು ಅದರಲ್ಲೇ ನೆಟ್ಟು, ಎಲೆಅಡಿಕೆ ಬಾಯಿಗೆ ಹಾಕಿಕೊಂಡ. ಮತ್ತೆ ಕರಣೆಗೆ ಕೈ ಹಾಕಿ ಎತ್ತಿದರೆ ಕರಣೆಯ ಜೊತೆ ಬಾಂಡ್ಲಿಯೂ ಎದ್ದು ಬಂತು.

"ಏನ್ ಸಾರ್ ಇದು?" ಎಂದ. ಬಾಂಡ್ಲಿಯ ತಳ ಮುಟ್ಟಿ ನೋಡಿ ಕೈ ಕಿತ್ತುಕೊಂಡ. "ಕಾದ ಹೆಂಚಾಗ್ಯದಲ್ಲ ಸಾರ್! ರೊಟ್ಟಿ ಸುಡಬೌದು!"

"ಗಟ್ಟಿ ಸಿಮೆಂಟು ಅಂದ್ರೆ ಹಂಗೇ ಮೇಸ್ತ್ರಿ. ನೀವು ಇಂಥದ್ದು ನೋಡಿಲ್ಲ ಅಷ್ಟೆ. ನೀರು ಸ್ವಲ್ಪ ಜಾಸ್ತಿ ಹಾಕ್ಕೊಳ್ಳಿ. ಮಿಕ್ಸರ್ ಶುರು ಮಾಡಿ!"

"ಬ್ಯಾಡ ಸಾರ್, ಒಂದ್ಸಲ ಯೋಚ್ನೆ..."

"ಮಿಕ್ಸರ್ ಶುರು ಮಾಡಿ!" ಎಂದೆ, ಸೇನಾಪತಿಯ ಹಾಗೆ.

ಮಿಕ್ಸರಿಗೆ ಜಲ್ಲಿ, ಮರಳು, ನನ್ನ ಸಿಮೆಂಟು, ನೀರು ಬಿತ್ತು. ಡ್ರಮ್ಮು ಹತ್ತು ಸುತ್ತು ಸಲೀಸಾಗಿ ತಿರುಗಿತು. ಆಮೇಲೆ ನರಳತೊಡಗಿತು. ಆಮೇಲೆ ಒಂದು ಸಲ ಬಿಕ್ಕಿ, ಹೊಗೆ ಬಿಟ್ಟು, ನಿಂತೇಹೋಯಿತು. ಮೇಸ್ತ್ರಿ ಒಳಗೆ ಸನಿಕೆ ಹಾಕಿದ. ಠಣ್ ಎಂದಿತು! ಒಳಗಿದ್ದದ್ದು ಕಾಂಕ್ರೀಟಲ್ಲ, ಒಂದು ಗುಂಡುಕಲ್ಲು. ಇಪ್ಪತ್ತು ಆಳುಗಳೂ ಮಿಕ್ಸರಿನ ಸುತ್ತ ನಿಂತು ಬಗ್ಗಿ ನೋಡಿದರು. ಒಬ್ಬಳು, "ಒಳಗೆ ಲಿಂಗ ಉದ್ಭವ ಆಗ್ಯದೆ ಕಣಕ್ಕೋ!" ಎಂದು ಕೈಮುಗಿದಳು.

ನಾನು ಮೆಲ್ಲಗೆ ಜೇಬಿನಿಂದ ಫೋನ್ ತೆಗೆದೆ. ಶೋಭಾ ಒಂಬತ್ತು ಸಲ ಕರೆ ಮಾಡಿದ್ದರು. ಒಂದು ಮೆಸೇಜೂ ಇತ್ತು. ಸ್ಯಾಂಪಲ್ಲಿಗೆ ಸೂಜಿ ಇಳಿಯುತ್ತಲೇ ಇಲ್ಲ, ಐದೇ ನಿಮಿಷಕ್ಕೆ ಕಲ್ಲಾಯಿತು, ದಯವಿಟ್ಟು ಮೂಟೆ ಮುಟ್ಟಬೇಡಿ, ಇಲ್ಲಿಂದ ಬೇರೆ ಮೂಟೆ ಹೊರಗೆ ಹೋಗದಂತೆ ತಡೆದಿದ್ದೇನೆ.

ಆಳುಗಳು ಪಾಯಸದ ಊಟ ಮಾಡಿ, ಮೋಲ್ಡ್ ಹಾಕದೆಯೇ ಹೊರಟರು. ಲಲಿತ ಟಾರ್ಪಾಲಿನ ಅಂಚಿಗೆ ಕಲ್ಲು ಇಡುತ್ತಿದ್ದಳು. ಮೋಡ ಇನ್ನಷ್ಟು ಕಪ್ಪಾಗಿತ್ತು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. "ಮೂರು ವರ್ಷ ಕಾದೆ ಕಣ್ರೀ. ಈ ಸಲ ಕಾಯಿ ಹೋದ್ರೆ ನಂಗೆ ಇನ್ನೊಂದು ವರ್ಷ ಕಾಯೋ ಶಕ್ತಿ ಇಲ್ಲ," ಎಂದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಊಟ ಮಾಡದೆ ಗಾಡಿ ಹತ್ತಿ ಮಿಲ್ಲಿಗೆ ಹೋದೆ.

ಅಲ್ಲಿ ಯಜಮಾನರು, ಶೋಭಾ, ಕೆಂಚಣ್ಣ ಮೂವರೂ ಬೆಲ್ಟಿನ ಹತ್ತಿರ ನನಗಾಗಿ ಕಾಯುತ್ತಿದ್ದರು. ನಾನು ಮೊದಲು ಕ್ಲಿಂಕರ್ ಮೇಲೆ ತಪ್ಪು ಹೊರಿಸಿದೆ. ಶೋಭಾ ಕ್ಲಿಂಕರ್ ರಿಪೋರ್ಟ್ ತೋರಿಸಿದರು, ಅದು ಸರಿ ಇತ್ತು. ವೋಲ್ಟೇಜ್ ಎಂದೆ. ಯಜಮಾನರು ಮೀಟರ್ ತೋರಿಸಿದರು, ಅದೂ ಸರಿ ಇತ್ತು. ವಾತಾವರಣದ ತೇವಾಂಶ ಎಂದೆ.

"ಇವೆಲ್ಲ ಬುಡಪ್ಪ," ಎಂದರು ಕೆಂಚಣ್ಣ. "ಜಿಪ್ಸಂ ಬೀಳ್ತಾ ಇಲ್ಲ. ಗುಡ್ಡೆ ಕರಗಿಲ್ಲ ಅಂತ ಅವತ್ತೇ ಹೇಳ್ದೆ. ಬೆಲ್ಟ್ ಖಾಲಿ ಮಾಡಿ ನಿಲ್ಸು, ನಿನ್ನ ಕಂಪ್ಯೂಟ್ರು ಏನಂತದೋ ನೋಡಾನ."

ಬೆಲ್ಟ್ ಖಾಲಿ ಮಾಡಿ ನಿಲ್ಲಿಸಿದೆ. ಮೇಲೆ ಒಂದು ಹರಳೂ ಇರಲಿಲ್ಲ. ಸ್ಕ್ರೀನ್ ಹೇಳಿತು: ನಾಲ್ಕು ಕೆಜಿ ಇನ್ನೂರು ಗ್ರಾಂ ಜಿಪ್ಸಂ ಇದೆ!

ಒಂದು ಕಾಯಿಗೆ ಆರುನೂರು ಗ್ರಾಂ. ಏಳು ಕಾಯಿಗೆ? ಮೂರು ದಿನದಿಂದ ನನ್ನ ಕಂಪ್ಯೂಟರು ನನ್ನ ಹರಕೆಯನ್ನೇ ಜಿಪ್ಸಂ ಎಂದು ತೂಗಿ, "ಆಹಾ, ಬೇಕಾದಷ್ಟು ಬಿದ್ದಿದೆ" ಎಂದು ಬಾಗಿಲನ್ನು ಕಿರಿದು ಮಾಡಿಕೊಂಡು ಕೂತಿತ್ತು. ಪಾಪ, ಅದರದ್ದೇನೂ ತಪ್ಪಿರಲಿಲ್ಲ.

"ನೀವೆಲ್ಲ ಹೋಗಿ ಕಾಫಿ ಕುಡೀರಿ," ಎಂದೆ. "ಇದು ಸ್ವಲ್ಪ ಟೆಕ್ನಿಕಲ್. ನಾನೊಬ್ಬನೇ ನೋಡ್ತೀನಿ."

ಯಾರೂ ಕದಲಲಿಲ್ಲ.

"ಆ ತಗಡು ತೆಗಿ," ಎಂದರು ಯಜಮಾನರು.

"ಬೀಗದ ಕೈ ಮನೇಲಿದೆ ಸಾರ್."

"ನಿನ್ನ ಸೊಂಟದಾಗೇ ನೇತಾಡ್ತಾ ಅದಲ್ಲಪ್ಪ," ಎಂದರು ಕೆಂಚಣ್ಣ.

ತಗಡು ತೆರೆಯಿತು. ಏಳು ಹಳದಿ ಗಂಟುಗಳು ಸಾಲಾಗಿ ನೇತಾಡುತ್ತಿದ್ದವು. ಆಗಲಾದರೂ ನಾನು ತಪ್ಪೊಪ್ಪಿಕೊಳ್ಳಬಹುದಿತ್ತು. ಆದರೆ ನನ್ನ ಬಾಯಿ ನನ್ನ ಮಾತು ಕೇಳಬೇಕಲ್ಲ!

"ಅಯ್ಯಯ್ಯೋ! ಯಾರೋ ಮಾಟ ಮಾಡ್ಸಿದ್ದಾರೆ ಸಾರ್!" ಎಂದು ಕೂಗಿದೆ. "ನಮ್ಮ ಏಳಿಗೆ ಸಹಿಸದವರು!"

ಶೋಭಾ ಒಂದು ಗಂಟನ್ನು ಬಿಚ್ಚಿ ಬಟ್ಟೆಯನ್ನು ಬೆಳಕಿಗೆ ಹಿಡಿದರು. "ಸಾರ್, ಇದು ಉಪಕರಣ ಒರೆಸೋ ಬಟ್ಟೆ. ಇನ್‌ಸ್ಟ್ರುಮೆಂಟ್ ವಿಭಾಗಕ್ಕೆ ಮಾತ್ರ ಕೊಡೋದು. ಆ ವಿಭಾಗದಲ್ಲಿ ಯಾರ್ ಯಾರಿದ್ದಾರೆ ಸಾರ್?"

ಇಷ್ಟು ಕಠಿಣವಾದ ಪ್ರಶ್ನೆಯನ್ನು ನನಗೆ ಡಿಪ್ಲೊಮಾ ಪರೀಕ್ಷೆಯಲ್ಲೂ ಯಾರೂ ಕೇಳಿರಲಿಲ್ಲ. ತಲೆ ತಗ್ಗಿಸಿದೆ. ಕೆಂಚಣ್ಣ ಅಲ್ಲೇ ನೆಲದ ಮೇಲೆ ಕೂತು, ಮಂಡಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಾನು ಒಂದು ಕಾಯಿ ಒಡೀತೀನಿ ಅಂದಿದ್ಕೆ ಭಾಷಣ ಹೊಡೆದೆ. ನೀನು ಏಳು ಕಟ್ಟೀಯಲ್ಲೋ ಮಾರಾಯ! ಒಡೆದಿದ್ರೆ ಚಟ್ನಿಗಾದ್ರೂ ಆಗ್ತಿತ್ತು!"

ಯಜಮಾನರು ಮಾತ್ರ ನಗಲಿಲ್ಲ. ಬಹಳ ಗಂಭೀರವಾಗಿ ಕೇಳಿದರು: "ನಾಗರಾಜು, ಮೂಟೆ ಮೇಲೆ 'ತೆಂಗಿನಕಾಯಿ ಬೆರೆಸಿದ ಸಿಮೆಂಟು' ಅಂತ ಪ್ರಿಂಟ್ ಹಾಕಿಸ್ಲಾ?"

ನಾನು ಒಂದೊಂದೇ ಗಂಟು ಬಿಚ್ಚಿದೆ. ಒಂದೊಂದು ಬಿಚ್ಚಿದಾಗಲೂ ಸ್ಕ್ರೀನಿನ ಅಂಕಿ ಇಳಿಯಿತು. ಏಳನೆಯದು ಬಿಚ್ಚಿದಾಗ, ಓದುಗರೇ, ದುಂಡನೆಯ ಸೊನ್ನೆ! ಅಂದರೆ ನನ್ನ ಸಿಸ್ಟಮ್ಮಿನಲ್ಲಿ ಒಂದು ಗ್ರಾಮಿನ ದೋಷವೂ ಇರಲಿಲ್ಲ. ಕಾಯಿಯನ್ನು ಸಹ ಅದು ಎಷ್ಟು ಕರಾರುವಾಕ್ಕಾಗಿ ತೂಗಿತ್ತು! ಈ ಅಂಶವನ್ನು ನಾನು ಎಲ್ಲರ ಗಮನಕ್ಕೆ ತಂದೆ. ಯಾರೂ ಗಮನಿಸಲಿಲ್ಲ.

ಅಂಕಿ ಕುಣಿಯುವುದಕ್ಕೂ ಮದ್ದು ಸಿಕ್ಕಿತು. ಚೌಕಟ್ಟಿನ ಕಾಲಿನ ಕೆಳಗೆ ದಪ್ಪ ರಬ್ಬರ್ ಇಡಲು ಕೆಂಚಣ್ಣ ಹೇಳಿದರು, ಇಟ್ಟೆ. ಅರ್ಧ ಗಂಟೆಯ ಕೆಲಸ. ಕೆಟ್ಟ ಸಿಮೆಂಟನ್ನು ಶೋಭಾ ಲೆಕ್ಕ ಹಾಕಿ, ಸ್ವಲ್ಪ ಸ್ವಲ್ಪವಾಗಿ ಜಿಪ್ಸಂ ಸೇರಿಸಿ ಮತ್ತೆ ಮಿಲ್ಲಿಗೆ ಕೊಟ್ಟರು. ಈ ಸಲ ಸೂಜಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು, ಗಟ್ಟಿಯಾಗಬೇಕಾದ ಹೊತ್ತಿಗೆ ಸರಿಯಾಗಿ ಗಟ್ಟಿಯಾಯಿತು. ಸ್ಕ್ರೀನು ಆರು ಎಂದರೆ ಬೆಲ್ಟಿನ ಮೇಲೂ ಆರು. ಗುಡ್ಡೆ ಕರಗಿತು. ನಾನು ಗೆದ್ದೆ! ನಾನು ಹೇಳಿರಲಿಲ್ಲವೇ?

ಎರಡನೆಯ ಮೋಲ್ಡಿನ ದಿನ ಗಂಗಣ್ಣ ಮೇಸ್ತ್ರಿ ಮಿಕ್ಸರಿಗೆ ಅಡ್ಡ ನಿಂತ. "ಈ ಮಿಕ್ಸರ್ ಒಳಗಿಂದ ಕಲ್ಲು ಕೀಳಾಕೆ ಎಲ್ಡು ದಿನ ಉಳಿ ಹಿಡಿದೀನಿ ಸಾರ್. ನಿಮ್ಮ ಸಿಮೆಂಟ್ ಹಾಕಾಕಿಲ್ಲ."

ನಾನು ಲ್ಯಾಬಿನ ಸರ್ಟಿಫಿಕೇಟ್ ತೋರಿಸಿದೆ. ಕಂಪ್ಯೂಟರ್ ಪ್ರಿಂಟ್ ತೋರಿಸಿದೆ. ಗ್ರಾಫ್ ತೋರಿಸಿದೆ. ಅವನು ಅವುಗಳನ್ನು ತಿರುಗಿಸಿ ಹಿಂದುಗಡೆಯೂ ನೋಡಿ ವಾಪಸ್ ಕೊಟ್ಟ. ಆಗ ಕೆಂಚಣ್ಣ ಕುಂಟುತ್ತಾ ಬಂದು, ಮೂಟೆಯೊಳಗೆ ಕೈ ಹಾಕಿ, ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ, "ಹಾಕು ಮೇಸ್ತ್ರಿ, ಚೆಂದಾಗಿ ಅದೆ" ಎಂದರು.

ಅಷ್ಟೇ! ಮಿಕ್ಸರ್ ಶುರುವಾಯಿತು. ಎರಡು ತಿಂಗಳ ಆಟೋಮೇಷನ್ನಿಗೆ ಸಿಗದ ಮರ್ಯಾದೆ ಎರಡು ಬೆರಳಿಗೆ ಸಿಕ್ಕಿತು. ಸಂಜೆಯ ಹೊತ್ತಿಗೆ ಮೋಲ್ಡ್ ಮುಗಿಯಿತು. ಮಾರನೆಯ ದಿನ ಸಣ್ಣಗೆ ಮಳೆ ಹಿಡಿದು ಮೋಲ್ಡಿಗೆ ಪುಕ್ಕಟೆಯಾಗಿ ನೀರು ಕಟ್ಟಿಕೊಟ್ಟಿತು. ದೊಡ್ಡ ಮಳೆ ಬರಲಿಲ್ಲ. ಲಲಿತ ಆ ಏಳು ಕಾಯಿಗಳನ್ನು ಮನೆದೇವರಿಗೆ ಒಪ್ಪಿಸಿ, ನನ್ನ ಪರವಾಗಿ ತಪ್ಪುಕಾಣಿಕೆಯನ್ನೂ ಹಾಕಿ ಬಂದಳು. ಯಾಕೆ ಎಂದು ನಾನು ಕೇಳಲಿಲ್ಲ.

ಮೂರು ವಾರದ ಮೇಲೆ ಮೋಲ್ಡಿಗೆ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಬಿಚ್ಚಿದರು, ಮೇಲೆ ಶೀಟು ಹೊದಿಸಿದರು. ಮುಂಗಾರು ಜೋರಾಗುವ ಸೂಚನೆ ಇತ್ತು. ಕಾಯಿ ಏರಿಸುವ ದಿನ ಬಂತು. ಗಂಗಣ್ಣ ಮೇಸ್ತ್ರಿ ಮೋಲ್ಡಿನ ಮೇಲೆ ಕುಣಿದು ನೋಡಿದ. ಕದಲಲಿಲ್ಲ. ಲಲಿತ ಅಟ್ಟದ ಕೆಳಗೆ ನಿಂತು, ಕತ್ತೆತ್ತಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಮೂರು ವರ್ಷದಿಂದ ಕಂಡಿರಲಿಲ್ಲ. ನನ್ನ ಎದೆ ಹಿಗ್ಗಿಹೋಯಿತು. ಈ ಅಟ್ಟಕ್ಕೆ ಬಿದ್ದದ್ದು ನನ್ನ ಸಿಮೆಂಟು, ನನ್ನ ಸಿಸ್ಟಮ್ಮು!

ಮೊದಲ ಕಾಯಿ ಯಾರು ಏರಿಸಬೇಕು ಎಂಬ ಮಾತು ಬಂತು. ನಾನು ಗಂಟಲು ಸರಿಮಾಡಿಕೊಂಡು, ವಿನಯದಿಂದ ತಲೆ ಬಾಗಿಸಿ, ರಾಶಿಯಿಂದ ಒಂದು ಒಳ್ಳೆಯ ಕಾಯಿ ಕೈಗೆತ್ತಿಕೊಂಡೆ.

"ಕೆಳಗಿಡಿ!"

ಕೂಗಿದ್ದು ಒಬ್ಬರಲ್ಲ. ಲಲಿತ, ಕೆಂಚಣ್ಣ, ಗಂಗಣ್ಣ ಮೇಸ್ತ್ರಿ, ನೋಡಲು ಬಂದಿದ್ದ ಶೋಭಾ, ಎಲ್ಲರೂ ಒಂದೇ ಉಸಿರಿಗೆ. ಕಾಯಿಯನ್ನು ಕೆಳಗಿಟ್ಟೆ.

"ಕೆಂಚಣ್ಣ, ನೀವು ಏರಿಸಿ," ಎಂದಳು ಲಲಿತ.

"ಮತ್ತೆ ನಾನೇನು ಮಾಡ್ಲಿ ಕಣೇ?"

ಲಲಿತ ಸುತ್ತ ನೋಡಿದಳು. ಅಂಗಳದ ಆಚೆ, ನೇತುಹಾಕಲು ಕಂಬ, ಗೋಡೆ, ಗಿಡ ಏನೂ ಇಲ್ಲದ ಒಂದು ಜಾಗ ತೋರಿಸಿದಳು. "ನೀವು ಅಲ್ಲಿ ಹೋಗಿ ನಿಂತ್ಕೊಳ್ರೀ. ಕೈ ಹಿಂದೆ ಕಟ್ಕೊಂಡು."

ಹೋಗಿ ನಿಂತೆ. ಗೆದ್ದವನು ಎಲ್ಲಿ ನಿಂತರೂ ಗೆದ್ದವನೇ ಅಲ್ಲವೇ? ಕೊನೆಯ ಕಾಯಿ ಅಟ್ಟ ಏರುವವರೆಗೆ, ಎರಡು ಗಂಟೆ ಕಾಲ, ಕೈಯನ್ನು ಹಿಂದೆ ಕಟ್ಟಿಕೊಂಡು ಬಿಸಿಲಲ್ಲಿ ನಿಂತು ನನ್ನ ವಿಜಯವನ್ನು ಅನುಭವಿಸಿದೆ.